ನಡೆಯುತ್ತಾ ಉಪನ್ಯಾಸ ಕೇಳುವವರಿಗೆ: ಕೇಳಿದ್ದು ತಲೆಯಲ್ಲಿ ಉಳಿಯಬೇಕಾದರೆ

"ದಿನಾ ನಡೆಯುವಾಗ ಒಂದು ಉಪನ್ಯಾಸ ಹಾಕಿಕೊಳ್ಳುತ್ತೇನೆ. ಮನೆಗೆ ಬರುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಏನು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಒಳ್ಳೆಯ ಉಪನ್ಯಾಸಗಳು ಎಲ್ಲಿ ಸಿಗುತ್ತವೆ, ಎಷ್ಟು ವೇಗದಲ್ಲಿ ಕೇಳಬೇಕು, ಕನ್ನಡ ಪುಸ್ತಕಗಳನ್ನೂ ಹೀಗೆ ಕೇಳಬಹುದೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನೆನಪು ನಿಲ್ಲದಿರುವುದಕ್ಕೆ ಕಾರಣ ನಿಮ್ಮ ಏಕಾಗ್ರತೆಯ ಕೊರತೆ ಎಂದು ನಾನು ಒಪ್ಪುವುದಿಲ್ಲ. ಬಹುಪಾಲು ಜನ ಕೇಳುವುದನ್ನೇ ಇಡೀ ಕೆಲಸ ಎಂದುಕೊಂಡಿರುತ್ತಾರೆ. ಹೊರಡುವ ಮುಂಚಿನ ಸ್ವಲ್ಪ ಸಿದ್ಧತೆ, ಮರಳಿದ ಮೇಲಿನ ಐದು ನಿಮಿಷದ ಬರವಣಿಗೆ, ಇವೆರಡೂ ಸೇರಿದಾಗಲೇ ಅದು ಕಲಿಕೆಯಾಗುತ್ತದೆ. ಇವಿಲ್ಲದೆ ಕೇಳಿದರೆ ಹೊತ್ತು ಚೆನ್ನಾಗಿಯೇ ಕಳೆಯುತ್ತದೆ, ಆದರೆ ವಿಷಯ ಕೈಗೆ ಸಿಗುವುದಿಲ್ಲ.

ಬೇಕಾಗುವುದು ಇಷ್ಟೇ: ಒಂದು ಫೋನು, ಒಂದು ಜೊತೆ ಇಯರ್‌ಫೋನು, ಧ್ವನಿ ಕಡತಗಳನ್ನು ಇಳಿಸಿಕೊಂಡು ನುಡಿಸುವ ಒಂದು ಆ್ಯಪ್, ಮನೆಯಲ್ಲಿ ಒಂದು ನೋಟ್‌ಪುಸ್ತಕ. ದುಬಾರಿ ಸಾಮಾನು ಯಾವುದೂ ಬೇಡ.

1. ಮೊದಲು ವ್ಯಾಯಾಮ ನೋಡಿ, ಆಮೇಲೆ ವಿಷಯ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವ್ಯಾಯಾಮ ಎಷ್ಟು ತೀವ್ರವಾಗಿದೆ ಎಂದು ಅಳೆಯಲು ವೈದ್ಯರು ಹೇಳುವ ಒಂದು ಸುಲಭ ಪರೀಕ್ಷೆ ಇದೆ. ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಎಂದರೆ ಅದು ಮಧ್ಯಮ ಮಟ್ಟದ ವ್ಯಾಯಾಮ. ನಾಲ್ಕು ಮಾತು ಆಡುವಷ್ಟರಲ್ಲಿ ಉಸಿರಿಗಾಗಿ ನಿಲ್ಲಬೇಕಾದರೆ ತೀವ್ರ ವ್ಯಾಯಾಮ. ಕೇಳುವ ವಿಷಯವನ್ನು ಆರಿಸಲೂ ಇದೇ ಪರೀಕ್ಷೆ ಸಾಕು.

ಮಾತಾಡಿಕೊಂಡು ಹಾಡಿಕೊಂಡು ಹೋಗಬಹುದಾದ ನಿಧಾನದ ನಡಿಗೆ, ಸಮತಟ್ಟಾದ ಪರಿಚಿತ ದಾರಿ, ನಿಂತಲ್ಲೇ ತುಳಿಯುವ ಸೈಕಲ್ಲು: ಇಲ್ಲಿ ಹೊಸ ವಿಷಯ, ಗಟ್ಟಿ ವಿಷಯ ಕೇಳಬಹುದು. ತತ್ವಶಾಸ್ತ್ರದ ವಾದವನ್ನು ಎಳೆ ಎಳೆಯಾಗಿ ಹಿಂಬಾಲಿಸುವಷ್ಟು ಗಮನ ಆಗ ಉಳಿದಿರುತ್ತದೆ. ಬಿರುಸಿನ ನಡಿಗೆಯಲ್ಲಿ ಕಥನದ ಧಾಟಿಯ ವಿಷಯ ಹೊಂದುತ್ತದೆ, ಅಂದರೆ ಇತಿಹಾಸ, ಜೀವನಚರಿತ್ರೆ, ವಿಜ್ಞಾನದ ಬೆಳವಣಿಗೆಯ ಕಥೆ. ನಡುವೆ ಎರಡು ವಾಕ್ಯ ತಪ್ಪಿದರೂ ಕಥೆ ನಿಮ್ಮನ್ನು ಮತ್ತೆ ಕೈಹಿಡಿದು ಸೇರಿಸಿಕೊಳ್ಳುತ್ತದೆ. ಓಟಕ್ಕೆ, ಏರು ಹತ್ತುವುದಕ್ಕೆ ಒಮ್ಮೆ ಕೇಳಿದ್ದನ್ನೇ ಎರಡನೆಯ ಬಾರಿ ಕೇಳುವುದು ಸೂಕ್ತ. ಭಾರ ಎತ್ತುವಾಗ, ಹೊಸ ಆಸನ ಕಲಿಯುವಾಗ, ಪ್ರಾಣಾಯಾಮ ಮಾಡುವಾಗ ಏನನ್ನೂ ಕೇಳಬೇಡಿ. ಅಲ್ಲಿ ಎಣಿಕೆ, ಬೆನ್ನಿನ ನೇರ, ಉಸಿರು ಎಲ್ಲವೂ ನಿಮ್ಮ ಪೂರ್ತಿ ಗಮನ ಕೇಳುತ್ತವೆ. ಪಾಠವೂ ಹೋಗಿ ಬೆನ್ನೂ ನೋಯುವುದು ಬೇಡ.

ವಿಷಯದ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಕಣ್ಣಿಗೆ ಕೆಲಸ ಇದೆಯೇ? ಕಪ್ಪುಹಲಗೆಯ ಮೇಲೆ ಸಮೀಕರಣ ಬಿಡಿಸುವ ಪಾಠ, ನಕ್ಷೆ ತೋರಿಸುವ ಪಾಠ, ಕಲಾಕೃತಿಗಳ ವಿಮರ್ಶೆ, ಪ್ರೋಗ್ರಾಮಿಂಗ್ ಇವೆಲ್ಲ ಮೇಜಿನ ಮುಂದೆ ಕುಳಿತು ನೋಡಬೇಕಾದವು. "ಇಲ್ಲಿ ನೋಡಿ", "ಈ ಸಾಲಿನಿಂದ ಆ ಸಾಲಿಗೆ" ಎಂಬ ಮಾತುಗಳು ಮೊದಲ ಹತ್ತು ನಿಮಿಷದಲ್ಲೇ ಮೂರು ನಾಲ್ಕು ಸಲ ಬಂದರೆ ಆ ಸರಣಿಯನ್ನು ನಡಿಗೆಯ ಪಟ್ಟಿಯಿಂದ ತೆಗೆದುಬಿಡಿ. ಎಷ್ಟೇ ಒಳ್ಳೆಯ ಮೇಷ್ಟ್ರಾದರೂ ಕಿವಿಯೊಂದಕ್ಕೇ ಆ ಪಾಠ ದಕ್ಕುವುದಿಲ್ಲ.

2. ಸಾಮಗ್ರಿ ಎಲ್ಲಿದೆ

ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವುದೇ ಒಂದು ಜನ್ಮಕ್ಕೆ ಸಾಕಾಗುವಷ್ಟಿದೆ. ನಡೆಯುವವರಿಗೆ ನಿಜಕ್ಕೂ ಒದಗುವ ಕೆಲವನ್ನು ಮಾತ್ರ ಹೇಳುತ್ತೇನೆ.

ಓಪನ್ ಯೇಲ್ ಕೋರ್ಸಸ್: ಯೇಲ್ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ಸಂಗ್ರಹ. ತರಗತಿಯಲ್ಲಿ ನಡೆದ ಪಾಠಗಳ ಇಡೀ ಸರಣಿ, ವಿಡಿಯೊ ಜೊತೆಗೆ ಬರೀ ಧ್ವನಿಯ ಕಡತವಾಗಿಯೂ ಸಿಗುತ್ತದೆ. ಪಾಠದ ಲಿಖಿತ ರೂಪವೂ ಇದೆ, ಅದರ ಬೆಲೆ ಮುಂದೆ ಗೊತ್ತಾಗುತ್ತದೆ. ಡೊನಾಲ್ಡ್ ಕೇಗನ್ ಅವರ ಪ್ರಾಚೀನ ಗ್ರೀಕ್ ಇತಿಹಾಸ, ಪಾಲ್ ಬ್ಲೂಮ್ ಅವರ ಮನಃಶಾಸ್ತ್ರ ಪರಿಚಯ ಹೊಸಬರಿಗೆ ಒಳ್ಳೆಯ ಆರಂಭ. ಅದೇ ಸಂಗ್ರಹದಲ್ಲಿರುವ ಗೇಮ್ ಥಿಯರಿ, ಅಂದರೆ ಎದುರಾಳಿಯ ನಡೆ ಊಹಿಸಿ ನಮ್ಮ ನಡೆ ನಿರ್ಧರಿಸುವ ಗಣಿತ, ಹಲಗೆಯ ಮೇಲಿನ ಕೋಷ್ಟಕಗಳನ್ನು ನೋಡದೆ ಅರ್ಥವಾಗುವುದಿಲ್ಲ. ಅದನ್ನು ಮೇಜಿಗೆ ಬಿಡಿ.

ಗ್ರೆಶಮ್ ಕಾಲೇಜು: ಲಂಡನ್ನಿನಲ್ಲಿ 1597ರಲ್ಲಿ ಸ್ಥಾಪನೆಯಾಗಿ, ಇಂದಿಗೂ ಸಾರ್ವಜನಿಕರಿಗೆ ಉಚಿತ ಉಪನ್ಯಾಸ ನಡೆಸುತ್ತಿರುವ ಸಂಸ್ಥೆ. ಒಂದೊಂದು ಉಪನ್ಯಾಸವೂ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದ್ದರಿಂದ ಒಂದು ನಡಿಗೆಗೆ ಒಂದು ಎಂಬ ಲೆಕ್ಕ ಚೆನ್ನಾಗಿ ಕೂಡುತ್ತದೆ.

ಬಿಬಿಸಿಯ ರೀತ್ ಉಪನ್ಯಾಸಗಳು 1948ರಲ್ಲಿ ಬರ್ಟ್ರಂಡ್ ರಸೆಲ್ ಅವರಿಂದ ಆರಂಭವಾದವು. ಇವು ರೇಡಿಯೊಗೆಂದೇ ಬರೆದವು, ಹಾಗಾಗಿ ಕಣ್ಣಿನ ಹಂಗಿಲ್ಲ. ಅದೇ ಸಂಸ್ಥೆಯ 'ಇನ್ ಅವರ್ ಟೈಮ್' 1998ರಿಂದ ನಡೆದುಬಂದ ಚರ್ಚಾ ಕಾರ್ಯಕ್ರಮ. ಸಾಮಾನ್ಯವಾಗಿ ಮೂವರು ವಿದ್ವಾಂಸರು ಒಂದೇ ವಿಷಯದ ಸುತ್ತ ಮಾತಾಡುತ್ತಾರೆ. ದನಿಗಳು ಬದಲಾಗುತ್ತಿರುವುದರಿಂದ ಬಿರುಸಿನ ನಡಿಗೆಯಲ್ಲೂ ಗಮನ ಜಾರುವುದು ಕಡಿಮೆ.

ಪುಸ್ತಕಗಳಿಗೆ ಲಿಬ್ರಿವಾಕ್ಸ್. 2005ರಲ್ಲಿ ಆರಂಭವಾದ ಇದರಲ್ಲಿ ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸುತ್ತಾರೆ. ಒಂದೇ ಪುಸ್ತಕವನ್ನು ಹಲವರು ಅಧ್ಯಾಯ ಹಂಚಿಕೊಂಡು ಓದಿರುವುದೂ ಉಂಟು. ಗಹನವಾದ ಪುಸ್ತಕಕ್ಕೆ ಒಬ್ಬರೇ ಓದಿರುವ ಆವೃತ್ತಿಯನ್ನು ಹುಡುಕಿ. ಅಧ್ಯಾಯಕ್ಕೊಂದು ದನಿ ಬದಲಾದರೆ ಕಿವಿ ಪ್ರತಿ ಸಲವೂ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಇವುಗಳಲ್ಲಿ ಹಲವು ಪಾಡ್‌ಕಾಸ್ಟ್ ಆಗಿ ಸಿಗುತ್ತವೆ. ಪಾಡ್‌ಕಾಸ್ಟ್ ಎಂದರೆ ಕಂತುಕಂತಾಗಿ ಬರುವ ಧ್ವನಿ ಕಾರ್ಯಕ್ರಮ. ಒಮ್ಮೆ ಚಂದಾದಾರರಾದರೆ ಹೊಸ ಕಂತು ಬಂದಾಗ ಆ್ಯಪ್ ತಾನಾಗಿಯೇ ಇಳಿಸಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಆಂಟೆನಾಪಾಡ್ ಉಚಿತ, ಜಾಹೀರಾತಿಲ್ಲದ್ದು. ಐಫೋನಿನಲ್ಲಿ ಅದರದೇ ಪಾಡ್‌ಕಾಸ್ಟ್ ಆ್ಯಪ್ ಇದ್ದೇ ಇರುತ್ತದೆ.

3. ಕನ್ನಡ ಪುಸ್ತಕ, ಲೇಖನ ಕೇಳಬೇಕಾದರೆ

ಕನ್ನಡದಲ್ಲಿ ಓದಿ ಧ್ವನಿಮುದ್ರಿಸಿದ ವಿದ್ವತ್ ಗ್ರಂಥಗಳು ಇನ್ನೂ ಕಡಿಮೆ. ಈ ಕೊರತೆಯನ್ನು ಫೋನೇ ಒಂದಷ್ಟು ತುಂಬುತ್ತದೆ. ಟೆಕ್ಸ್ಟ್ ಟು ಸ್ಪೀಚ್, ಅಂದರೆ ಬರಹವನ್ನು ಯಂತ್ರವೇ ಓದಿ ಹೇಳುವ ಸೌಲಭ್ಯದಲ್ಲಿ ಈಗ ಕನ್ನಡದ ಧ್ವನಿಯೂ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗ ತೆರೆದು ಈ ಹೆಸರಿನ ಆಯ್ಕೆಯನ್ನು ಹುಡುಕಿ, ಕನ್ನಡದ ಧ್ವನಿಯನ್ನು ಇಳಿಸಿಕೊಳ್ಳಿ. ಆಮೇಲೆ ಗಟ್ಟಿಯಾಗಿ ಓದುವ ಸೌಲಭ್ಯವಿರುವ ಯಾವುದಾದರೂ ಇ-ಪುಸ್ತಕದ ಆ್ಯಪ್‌ನಲ್ಲಿ ಪುಸ್ತಕ ತೆರೆದರೆ ಆಯಿತು.

ಎರಡು ತೊಡಕುಗಳು ಬರುತ್ತವೆ.

ಒಂದು, ಅಕ್ಷರಗಳ ಸಂಕೇತ. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತ ಪರದೆಯ ಮೇಲೆ ಕನ್ನಡದಂತೆಯೇ ಕಾಣುತ್ತದೆ, ಆದರೆ ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಯಂತ್ರ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದುತ್ತದೆ. ಹಾಗಾದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಕಡತವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಸಾಧನಗಳೂ ಒಪ್ಪುವ ಸಾರ್ವತ್ರಿಕ ಸಂಕೇತಕ್ಕೆ ಬದಲಿಸಿ. ಇದಕ್ಕೆ ಉಚಿತ ಪರಿವರ್ತಕಗಳಿವೆ.

ಎರಡು, ಸ್ಕ್ಯಾನ್ ಮಾಡಿದ ಪಿಡಿಎಫ್. ಅದರಲ್ಲಿರುವುದು ಪುಟದ ಚಿತ್ರ, ಅಕ್ಷರಗಳಲ್ಲ. ಓಸಿಆರ್, ಎಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ, ಕನ್ನಡಕ್ಕೂ ಇದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಅಂಥದ್ದು. ಹಳೆಯ ಮುದ್ರಣದಲ್ಲಿ ಒತ್ತಕ್ಷರಗಳನ್ನು ಅದು ತಪ್ಪಾಗಿ ಗುರುತಿಸುವುದು ಹೆಚ್ಚು, ಹಾಗಾಗಿ ಮೊದಲು ಎರಡು ಪುಟ ಮಾಡಿ ನೋಡಿ, ಕೇಳುವಂತಿದ್ದರೆ ಮಾತ್ರ ಮುಂದುವರಿಸಿ. ಇಷ್ಟೆಲ್ಲ ಬೇಡ ಎನ್ನುವವರು ಕನ್ನಡ ವಿಕಿಸೋರ್ಸ್‌ನಿಂದ ಆರಂಭಿಸಬಹುದು, ಅಲ್ಲಿನ ಪಠ್ಯ ಯೂನಿಕೋಡ್‌ನಲ್ಲೇ ಇದೆ.

ಯಂತ್ರದ ಧ್ವನಿಯಲ್ಲಿ ಪದ್ಯ ಕೇಳಬೇಡಿ ಎಂಬುದು ನನ್ನ ಕಳಕಳಿಯ ಮನವಿ. ಗದ್ಯಕ್ಕೆ ಅದು ಸಾಕು. ಪದ್ಯದ ಯತಿ, ಲಯ ಅದಕ್ಕೆ ತಿಳಿಯುವುದಿಲ್ಲ, ಮೊದಲ ಸಲವೇ ಹಾಗೆ ಕೇಳಿದರೆ ಆ ಕವಿತೆಯೇ ನಿಮಗೆ ಬೇಡವಾದೀತು.

4. ಹಿಂದಿನ ರಾತ್ರಿಯ ಹತ್ತು ನಿಮಿಷ

ಚಪ್ಪಲಿ ಮೆಟ್ಟಿಕೊಂಡ ಮೇಲೆ ಏನು ಕೇಳಲಿ ಎಂದು ಹುಡುಕಲು ನಿಂತರೆ ನಡಿಗೆಯೂ ತಡ, ಮನಸ್ಸೂ ಚದುರುತ್ತದೆ. ರಾತ್ರಿಯೇ ನಿರ್ಧರಿಸಿ, ಕಡತವನ್ನು ಫೋನಿಗೆ ಇಳಿಸಿಕೊಳ್ಳಿ. ಜಾಗದ ಚಿಂತೆ ಬೇಡ. ಮಾತಿನ ಧ್ವನಿಗೆ 64 ಕೆಬಿಪಿಎಸ್ ಸಾಕು. ಇದು ಪ್ರತಿ ಸೆಕೆಂಡಿಗೆ ಎಷ್ಟು ದತ್ತಾಂಶ ಬಳಕೆಯಾಗುತ್ತದೆ ಎಂಬುದರ ಅಳತೆ. ಆ ಲೆಕ್ಕದಲ್ಲಿ ಒಂದು ಗಂಟೆಯ ಉಪನ್ಯಾಸಕ್ಕೆ ಸುಮಾರು 29 ಎಂಬಿ ಆಗುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ಹೋದರೂ ಪಾಠ ನಿಲ್ಲುವುದಿಲ್ಲ.

ಯೂಟ್ಯೂಬ್‌ನಲ್ಲಿ ಕೇಳುವವರಿಗೆ ಒಂದು ಎಚ್ಚರಿಕೆ. ಹಣ ಕೊಡುವ ಸದಸ್ಯತ್ವ ಇಲ್ಲದಿದ್ದರೆ ಸಾಮಾನ್ಯವಾಗಿ ಪರದೆ ಆರಿದ ಕೂಡಲೇ ಧ್ವನಿಯೂ ನಿಲ್ಲುತ್ತದೆ. ಪರದೆ ಬೆಳಗಿಸಿಕೊಂಡೇ ಜೇಬಿಗೆ ಹಾಕಿದರೆ ಬಟ್ಟೆ ತಾಗಿ ಎಲ್ಲೆಲ್ಲೋ ಒತ್ತಿಹೋಗುತ್ತದೆ. ಅದೇ ಉಪನ್ಯಾಸ ಸಂಸ್ಥೆಯ ತಾಣದಲ್ಲಿ ಧ್ವನಿ ಕಡತವಾಗಿ ಸಿಗುತ್ತದೆಯೇ ಎಂದು ಮೊದಲು ನೋಡಿ.

ಇಳಿಸಿಕೊಂಡ ಮೇಲೆ ಉಪನ್ಯಾಸದ ಪರಿಚಯದ ಸಾಲುಗಳನ್ನು ಓದಿ, ಲಿಖಿತ ರೂಪವಿದ್ದರೆ ಮೇಲುಮೇಲೆ ಕಣ್ಣಾಡಿಸಿ. ಬರಲಿರುವ ಹೆಸರುಗಳು, ಪಾರಿಭಾಷಿಕ ಪದಗಳು ಒಮ್ಮೆ ಕಣ್ಣಿಗೆ ಬಿದ್ದಿದ್ದರೆ ಸಾಕು. ಅಪರಿಚಿತ ಹೆಸರು ಕಿವಿಗೆ ಬಿದ್ದಾಗ ಅದೇನೆಂದು ಯೋಚಿಸುತ್ತಾ ಮುಂದಿನ ಮೂರು ವಾಕ್ಯ ಕಳೆದುಕೊಳ್ಳುತ್ತೇವೆ, ಇಂಗ್ಲಿಷ್ ಉಪನ್ಯಾಸ ಕೇಳುವಾಗಲಂತೂ ಇದು ಇನ್ನೂ ಹೆಚ್ಚು. ಕೊನೆಯದಾಗಿ ಒಂದೇ ಒಂದು ಪ್ರಶ್ನೆ ಬರೆದಿಡಿ: ಈ ಉಪನ್ಯಾಸದಿಂದ ನನಗೆ ಏನು ಗೊತ್ತಾಗಬೇಕು? ಪ್ರಶ್ನೆ ಹೊತ್ತು ಹೋದವರು ಉತ್ತರಕ್ಕಾಗಿ ಕಿವಿ ತೆರೆದಿರುತ್ತಾರೆ.

5. ಕಿವಿ ಮತ್ತು ರಸ್ತೆ

ರಸ್ತೆಯಲ್ಲಿ ನಡೆಯುವವರು ಎರಡೂ ಕಿವಿ ಮುಚ್ಚಿಕೊಳ್ಳಬಾರದು. ಹೊರಗಿನ ಸದ್ದು ಕೇಳಿಸಲೇಬೇಕು. ಕಿವಿಯ ರಂಧ್ರ ಮುಚ್ಚದೆ, ಕೆನ್ನೆಯ ಮೇಲ್ಭಾಗದ ಮೂಳೆಯ ಮೂಲಕ ಧ್ವನಿ ಮುಟ್ಟಿಸುವ ಬೋನ್ ಕಂಡಕ್ಷನ್ ಹೆಡ್‌ಫೋನು ಒಂದು ದಾರಿ. ಇರುವ ಇಯರ್‌ಫೋನಿನಲ್ಲಿ ಒಂದನ್ನು ಮಾತ್ರ ಹಾಕಿಕೊಳ್ಳುವುದು ಇನ್ನೊಂದು ದಾರಿ. ಹೊರಗಿನ ಸದ್ದನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಟ್ರೆಡ್‌ಮಿಲ್‌ಗೆ ಸರಿ, ರಸ್ತೆಗೆ ಬೇಡವೇ ಬೇಡ. ರಸ್ತೆ ದಾಟುವಾಗ ನಿಲ್ಲಿಸಿ. ಹೊರಗೆ ಸೈಕಲ್ ತುಳಿಯುವಾಗ ಕೇಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಲವು ಕಡೆ ಅದು ಕಾನೂನಿಗೂ ವಿರುದ್ಧ.

ಒಂದೇ ಕಿವಿಗೆ ಹಾಕಿಕೊಳ್ಳುವವರು ಫೋನಿನ ಆಕ್ಸೆಸಿಬಿಲಿಟಿಯಲ್ಲಿ ಮೋನೊ ಆಡಿಯೊ ಆಯ್ಕೆಯನ್ನು ಚಾಲೂ ಮಾಡಿ. ಎಡಬಲ ಎರಡೂ ಧ್ವನಿಯನ್ನು ಅದು ಒಂದಾಗಿ ಬೆರೆಸುತ್ತದೆ. ಸಭಾಂಗಣದಲ್ಲಿ ಮುದ್ರಿಸಿದ ಕೆಲವು ಉಪನ್ಯಾಸಗಳಲ್ಲಿ ಮಾತುಗಾರರ ದನಿ ಒಂದೇ ಬದಿಯಲ್ಲಿರುತ್ತದೆ. ನೀವು ಹಾಕಿಕೊಂಡದ್ದು ಇನ್ನೊಂದು ಬದಿಯಾದರೆ ಏನೂ ಕೇಳುವುದಿಲ್ಲ.

ಧ್ವನಿಮಟ್ಟದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸ್ಪಷ್ಟವಾಗಿದೆ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಅಂಕಿ ಹತ್ತೇ ಹೆಚ್ಚಿದರೂ ಅವಕಾಶ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ವಾಹನಗಳ ಗದ್ದಲದಲ್ಲಿ ಮಾತು ಕೇಳಿಸಲೆಂದು ನಾವು ಅರಿವಿಲ್ಲದೆಯೇ ವಾಲ್ಯೂಮ್ ಏರಿಸುತ್ತೇವೆ, ಆಮೇಲೆ ಇಳಿಸಲು ಮರೆಯುತ್ತೇವೆ. ಗದ್ದಲದ ದಾರಿಯಾದರೆ ವಾಲ್ಯೂಮ್ ಬದಲು ದಾರಿಯನ್ನೇ ಬದಲಿಸಿ.

6. ಆ್ಯಪ್‌ನಲ್ಲಿ ಒಮ್ಮೆ ಮಾಡಿಡಬೇಕಾದದ್ದು

ಇಯರ್‌ಫೋನಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಮುಂದಿನ ಹಾಡಿಗೆ ಹೋಗುವುದು ವಾಡಿಕೆ. ಉಪನ್ಯಾಸದಲ್ಲಿ ಅದೇ ಆದರೆ ಕೇಳುತ್ತಿದ್ದ ಕಂತೇ ಹಾರಿಹೋಗುತ್ತದೆ. ಒಳ್ಳೆಯ ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಇದನ್ನು 'ಕೆಲವು ಸೆಕೆಂಡು ಮುಂದೆ', 'ಕೆಲವು ಸೆಕೆಂಡು ಹಿಂದೆ' ಎಂದು ಬದಲಿಸಬಹುದು. ಹಿಂದಕ್ಕೆ 15 ಅಥವಾ 20 ಸೆಕೆಂಡು ಇಡಿ. ಗಮನ ಜಾರಿದ್ದು ಗೊತ್ತಾದಾಗ ಒಮ್ಮೆ ಒತ್ತಿದರೆ ವಾಕ್ಯ ಮತ್ತೆ ಸಿಗುತ್ತದೆ. ಪುಸ್ತಕಗಳಿಗೆ, ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಳ್ಳುವ ಆ್ಯಪ್ ಬೇಕು. ಹಾಡು ನುಡಿಸುವ ಸಾಮಾನ್ಯ ಆ್ಯಪ್‌ಗಳು ಹಲವು ವೇಳೆ ಮತ್ತೆ ಮೊದಲಿನಿಂದ ಆರಂಭಿಸಿಬಿಡುತ್ತವೆ.

7. ವೇಗ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಉಪನ್ಯಾಸದ ವಿಡಿಯೊಗಳನ್ನು ಎರಡು ಪಟ್ಟು ವೇಗದಲ್ಲಿ ನೋಡಿದರೂ ಗ್ರಹಿಕೆ ಹೆಚ್ಚು ಕುಂದಲಿಲ್ಲ. ಇದನ್ನು ಉಲ್ಲೇಖಿಸಿ ನಡಿಗೆಗೂ ಅದೇ ವೇಗ ಶಿಫಾರಸು ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ಅಲ್ಲಿ ಇದ್ದದ್ದು ಪರದೆಯ ಮುಂದಿನ ವಿಡಿಯೊ. ನಿಮ್ಮ ಕಣ್ಣು ದಾರಿಯ ಮೇಲಿದೆ, ಕಾಲು ಓಡುತ್ತಿದೆ, ಜೊತೆಗೆ ಭಾಷೆ ತಾಯ್ನುಡಿಯಲ್ಲದೆಯೂ ಇರಬಹುದು.

ಹೊಸ ಮಾತುಗಾರರನ್ನು ಮೊದಲ ಕಂತಿನಲ್ಲಿ ಸಹಜ ವೇಗದಲ್ಲೇ ಕೇಳಿ. ಅವರ ಉಚ್ಚಾರಣೆ ಪರಿಚಯವಾದ ಮೇಲೆ 1.2 ಪಟ್ಟಿಗೆ ಏರಿಸಿ ನೋಡಿ. ಎರಡನೆಯ ಬಾರಿ ಕೇಳುವಾಗ 1.5 ಪಟ್ಟೂ ಆದೀತು. ಮೌನವನ್ನು ಕತ್ತರಿಸುವ ಆಯ್ಕೆಯನ್ನು ಮಾತ್ರ ಉಪನ್ಯಾಸಕ್ಕೆ ಬಳಸಬೇಡಿ. ಒಳ್ಳೆಯ ಮೇಷ್ಟ್ರು ಪ್ರಶ್ನೆ ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಾರಲ್ಲ, ನೀವು ಯೋಚಿಸಬೇಕಾದದ್ದು ಆಗಲೇ.

8. ನಡೆಯುವಾಗ

ಫೋನು ಕೈಯಲ್ಲಿ ಬೇಡ. ಮುಖ್ಯವಾದ ಮಾತು ಬಂದರೆ ನಿಲ್ಲಿಸಿ, ಅದನ್ನು ನಿಮ್ಮದೇ ಮಾತಿನಲ್ಲಿ ಒಂದು ಸಲ ಮೆಲ್ಲಗೆ ಹೇಳಿಕೊಳ್ಳಿ, ಮುಂದುವರಿಸಿ. ಟಿಪ್ಪಣಿ ಬರೆಯಲು ಪ್ರಯತ್ನಿಸಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೆರಡು ನಿಮಿಷ ಏನೂ ಕೇಳದೆ ನಡೆಯಿರಿ. ಗಂಟೆಯಿಡೀ ತುಂಬಿಸಲೇಬೇಕೆಂದಿಲ್ಲ.

ಮೂರು ಸಲ ಹಿಂದೆ ಹೋದರೂ ಅದೇ ವಾಕ್ಯ ತಪ್ಪುತ್ತಿದ್ದರೆ ಅಂದಿನ ಮಟ್ಟಿಗೆ ಪಾಠ ನಿಲ್ಲಿಸಿಬಿಡಿ. ದಣಿವೋ ಚಿಂತೆಯೋ ಇರುವ ದಿನ ಬರೀ ನಡಿಗೆಯೂ ಒಳ್ಳೆಯದೇ.

9. ಮರಳಿದ ಮೇಲೆ ಐದು ನಿಮಿಷ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಕೇಳಿದರೆ ಉಳಿದೆಲ್ಲಕ್ಕಿಂತ ಮುಖ್ಯವಾದ ಹಂತವೂ ಇದೇ.

ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಠ್ಯ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನದ ನಂತರ, ವಾರದ ನಂತರ ನೋಡಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ.

ಹಾಗಾಗಿ ನೀರು ಕುಡಿದು, ಫೋನಿನಲ್ಲಿ ಬೇರೇನನ್ನೂ ತೆರೆಯುವ ಮುನ್ನ, ನೋಟ್‌ಪುಸ್ತಕ ತೆಗೆದುಕೊಳ್ಳಿ. ರಾತ್ರಿಯ ಪ್ರಶ್ನೆಗೆ ಉತ್ತರ ಬರೆಯಿರಿ. ಆಮೇಲೆ ಮಾತುಗಾರರ ಮುಖ್ಯ ವಾದ, ಅದಕ್ಕೆ ಅವರು ಕೊಟ್ಟ ಒಂದು ಉದಾಹರಣೆ, ನಿಮಗೆ ಒಪ್ಪಿಗೆಯಾಗದ ಅಥವಾ ಅರ್ಥವಾಗದ ಒಂದು ಅಂಶ. ಇಂಗ್ಲಿಷಿನಲ್ಲಿ ಕೇಳಿದ್ದನ್ನೂ ಕನ್ನಡದಲ್ಲೇ ಬರೆಯಿರಿ. ಕೇಳಿದ ಪದಗಳನ್ನೇ ಗಿಳಿಪಾಠವಾಗಿ ಇಳಿಸಲು ಅಲ್ಲಿ ಅವಕಾಶವಿಲ್ಲ, ಅರ್ಥವಾಗಿದ್ದರೆ ಮಾತ್ರ ಬರೆಯಲು ಬರುತ್ತದೆ. ಮೊದಮೊದಲು ಎರಡೇ ಸಾಲು ಬಂದೀತು. ಬರಲಿ. ಕಡತ ತೆರೆದು ನೋಡಿ ಬರೆಯಬೇಡಿ, ನೆನಪಿನಿಂದಲೇ ಬರೆಯಿರಿ.

ಬರೆದಾದ ಮೇಲೆ ಲಿಖಿತ ರೂಪದಲ್ಲಿ ಹೆಸರು, ಇಸವಿಗಳನ್ನು ಸರಿನೋಡಿಕೊಳ್ಳಿ. ಕಿವಿಯಿಂದ ಕಲಿತ ಹೆಸರಿನ ಕಾಗುಣಿತ ತಪ್ಪಾಗಿ ನಿಂತುಬಿಡುವುದು ಸಾಮಾನ್ಯ, ಆಮೇಲೆ ಗ್ರಂಥಾಲಯದಲ್ಲಿ ಹುಡುಕಿದರೂ ಸಿಗುವುದಿಲ್ಲ. ಎರಡು ದಿನ ಬಿಟ್ಟು, ಮುಂದಿನ ಕಂತು ಹಾಕುವ ಮುಂಚೆ, ಹಿಂದಿನದರ ಮುಖ್ಯ ವಾದವನ್ನು ನಡೆಯುತ್ತಲೇ ಒಮ್ಮೆ ನೆನಪಿಸಿಕೊಳ್ಳಿ.

ಎಷ್ಟು ದಿನ, ಯಾವಾಗ ಬಿಡುವುದು

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ. ಅಂದರೆ 50 ನಿಮಿಷದ ಮೂರು ಉಪನ್ಯಾಸ. 24 ಪಾಠಗಳ ಒಂದು ಸರಣಿಗೆ ಎಂಟು ವಾರ. ಅವಸರ ಮಾಡಬೇಡಿ, ಒಂದು ಕಾಲಕ್ಕೆ ಒಂದೇ ಸರಣಿ ಇರಲಿ. ಎರಡು ಮೂರು ಸರಣಿಗಳನ್ನು ಒಟ್ಟಿಗೆ ಹಿಡಿದವರು ಯಾವುದನ್ನೂ ಮುಗಿಸದೆ ಬಿಡುವುದೇ ಹೆಚ್ಚು. ಮೂರನೆಯ ಪಾಠದ ಹೊತ್ತಿಗೂ ಬರೆಯಲು ಏನೂ ತೋಚದಿದ್ದರೆ ಆ ಸರಣಿಯನ್ನು ಸಂಕೋಚವಿಲ್ಲದೆ ಬಿಟ್ಟು, ಅದೇ ವಿಷಯದ ಮೇಲೆ ಬೇರೊಬ್ಬರದನ್ನು ಹುಡುಕಿ.